ಮೊದಲ ಪುಟದ ಹದಿನೈದು ಹೆಸರು

ಇಪ್ಪತ್ತೇಳು ದೇಶಗಳ ಒಕ್ಕೂಟಕ್ಕೆ ಲಕ್ಸೆಂಬರ್ಗಿನ ಗುಡ್ಡದ ಮೇಲೆ ಒಂದು ನ್ಯಾಯಾಲಯವಿದೆ. ಅಲ್ಲಿಯ ಒಬ್ಬೊಬ್ಬ ನ್ಯಾಯಾಧೀಶರಿಗೂ ಒಂದೊಂದು ಕಪ್ಪು ಕಾರು, ಒಬ್ಬೊಬ್ಬ ಡ್ರೈವರು. ದೇಶಗಳ ಭಾರ ಹೊತ್ತವರನ್ನು ಹೊರುವ ಭಾರ ನಮ್ಮದು. ನನ್ನ ಹೆಸರು ಅದೆಲಿನು. ನನ್ನ ಪಾಲಿಗೆ ಬಂದವರು ನಮ್ಮ ಪೋರ್ಚುಗಲ್ಲಿನವರೇ ಆದ ಗ್ರಾಸಿಯೆತ್ ಫಲ್ಕಾತು. ವಯಸ್ಸು ಅರವತ್ತೆರಡು, ಗಂಡ ಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಓದಿದ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನಾನು ಅವರನ್ನು 'ದೊತೋರಾ' ಅನ್ನುತ್ತೇನೆ.

ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ನಾವು ಡ್ರೈವರುಗಳು ಗಂಟೆಗಟ್ಟಲೆ ಕಾಯಬೇಕು. ಆಗ ನಾನು ನ್ಯಾಯಾಧೀಶರ ಅಣಕ ಮಾಡುತ್ತೇನೆ. ಫಿನ್‌ಲೆಂಡಿನವರದು ಸುಲಭ: ಬಾಯಿ ತೆರೆಯುವುದು, ಯೋಚಿಸುವುದು, ಮುಚ್ಚುವುದು. ಇಟಲಿಯವರಿಗೆ ಎರಡು ಕೈಯಾದರೂ ಬೇಕು, ಸಾಲದಿದ್ದರೆ ಪಕ್ಕದವನ ಕೈ. ನಮ್ಮ ದೊತೋರಾ ಮಾತ್ರ ನನ್ನ ಕೈಗೆ ಸಿಕ್ಕವರಲ್ಲ. ಆರು ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ; ಹಿಡಿದೆಳೆಯಲು ಒಂದು ಎಳೆಯೂ ಸಿಗಲಿಲ್ಲ.

ಶುಕ್ರವಾರ ಸಂಜೆ ಐದೂವರೆಗೆ ಮಾತ್ರ ಅವರು ಬೇರೆ ಹೆಂಗಸು. ಆ ಹೊತ್ತಿಗೆ ಅವರ ಅಣ್ಣ ಜೆಫರಿನು ಫೋನು ಮಾಡುತ್ತಿದ್ದ, ಕಾರಿನ ಸ್ಪೀಕರಿನಲ್ಲಿ ಸಮುದ್ರವೇ ಬಂದು ಬೊಬ್ಬೆ ಹೊಡೆದಂತೆ.

"ಏನಮ್ಮಾ ನ್ಯಾಯದೇವತೆ, ಊಟ ಮಾಡ್ತೀಯೋ ಇಲ್ಲಾ ಬರೀ ಕಾಗದ ತಿಂತೀಯೋ?"

"ಸೂಪು ಮಾಡ್ಕೋತೀನಿ ಕಣೋ."

"ಒಬ್ಬಳಿಗೆ ಎಷ್ಟು ಸೂಪು! ಇವತ್ತು ಮೂರು ಬುಟ್ಟಿ ಬೂತಾಯಿ ಮೀನು ಬಿತ್ತು ನೋಡು. ಈಗಿನ ಹುಡುಗರಿಗೆ ಹಗ್ಗ ಎಳೆಯೋಕೆ ಬರಲ್ಲ, ನಾನೇ ನಿಂತು ಬೈದೆ."

ಜೆಫರಿನು ಅರೇಯಾಲ್ವ ಅನ್ನುವ ಕಡಲೂರಿನವನು, ಹಳೇ ತಂಡೇಲ. ದಡದಿಂದಲೇ ಎಳೆಯುವ ರಂಪಣಿ ಬಲೆಯ ಗುಂಪಿಗೆ ಮೂವತ್ತು ವರ್ಷ ಯಜಮಾನನಾಗಿದ್ದ. ಪಾಲು ಮಾರಿ ಎಂಟು ವರ್ಷವಾದರೂ ದಿನಾ ಬೆಳಿಗ್ಗೆ ಮರಳಿನ ಮೇಲೆ ನಿಂತು ಎಲ್ಲರನ್ನೂ ಬೈಯುವ ಹಕ್ಕನ್ನು ಮಾತ್ರ ಮಾರಿರಲಿಲ್ಲ. ಇಪ್ಪತ್ತೇ ನಿಮಿಷದ ಮಾತು. ಅದು ಮುಗಿದ ಮೇಲೆ ದೊತೋರಾ ಮನೆಯ ಮೆಟ್ಟಿಲು ಹತ್ತಿದರೆ ಸೋಮವಾರದವರೆಗೆ ಅವರನ್ನು ಮಾತಾಡಿಸುವವರು ಯಾರೂ ಇರಲಿಲ್ಲ.

ಹೋದ ವರ್ಷ ಆ ರಂಪಣಿಯೇ ನ್ಯಾಯಾಲಯಕ್ಕೆ ಬಂತು. ಸಣ್ಣ ಕಣ್ಣಿನ ಬಲೆಯನ್ನು ದಡದ ಹತ್ತಿರ ಹಾಕಕೂಡದು ಎಂದು ಒಕ್ಕೂಟ ನಿಯಮ ಮಾಡಿತ್ತು. ಅರೇಯಾಲ್ವದ ಪಕ್ಕದೂರಿನವರು ಅದನ್ನು ಪ್ರಶ್ನಿಸಿದರು. ಲಿಸ್ಬನ್ನಿನ ಕೋರ್ಟು 'ಈ ನಿಯಮ ನಿಲ್ಲುತ್ತದೋ ಇಲ್ಲವೋ ನೀವೇ ಹೇಳಿ' ಎಂದು ಇಲ್ಲಿಗೆ ಕಳಿಸಿತು. 'ನಮ್ಮಣ್ಣ ಹಳೇ ತಂಡೇಲ' ಎಂದು ದೊತೋರಾ ನ್ಯಾಯಾಲಯದ ಅಧ್ಯಕ್ಷರಿಗೆ ಮೊದಲೇ ಬರೆದುಕೊಟ್ಟರು. ಅವನಿಗೆ ಈಗ ಪಾಲಿಲ್ಲ, ನಿಯಮ ಅರ್ಧ ಯುರೋಪಿನ ಕರಾವಳಿಗೆ ಸೇರಿದ್ದು, ನೀವು ಕೂರಬಹುದು ಎಂದು ಉತ್ತರ ಬಂತು. ಈ ಮೊಕದ್ದಮೆಗೆ ಕೂತ ಹದಿನೈದು ನ್ಯಾಯಾಧೀಶರಲ್ಲಿ ಅವರೂ ಒಬ್ಬರಾದರು.

ಅವರ ಸಮಾಲೋಚನೆ ಹೇಗೆ ನಡೆಯುತ್ತದೆಂದು ಹೇಳುತ್ತೇನೆ, ಇದರಲ್ಲಿ ಗುಟ್ಟೇನಿಲ್ಲ. ಬಾಗಿಲು ಹಾಕಿದರೆ ಒಳಗೆ ಹದಿನೈದೇ ಜನ. ಗುಮಾಸ್ತರಿಲ್ಲ, ದುಭಾಷಿಗಳಿಲ್ಲ. ಯಾರು ಏನಂದರು, ಯಾರು ಯಾವ ಕಡೆ ಕೈ ಎತ್ತಿದರು, ಸಾಯುವವರೆಗೆ ಹೊರಗೆ ಬರಕೂಡದು. ನಾನು ಒಪ್ಪಲಿಲ್ಲ ಎಂದು ಬೇರೆ ಬರೆಯುವ ಪದ್ಧತಿ ಇಲ್ಲಿಲ್ಲ. ಒಕ್ಕೂಟದ ಕೋರ್ಟಿಗೆ ಒಕ್ಕೊರಲು. ಎಂಟು ಜನ ಹೌದೆಂದರೂ ಹದಿನೈದು ಹೆಸರು ಮೊದಲ ಪುಟದಲ್ಲಿ ಅಚ್ಚಾಗುತ್ತವೆ, ಹದಿನೈದೂ ಜನ ಸಹಿ ಹಾಕುತ್ತಾರೆ. ಸಹಿಯಾದ ಮೇಲೆ ಸಹಿಸಬೇಕು.

ಮೂರು ಮಂಗಳವಾರ ಅವರು ಆ ಕೋಣೆಯಲ್ಲಿ ಕೂತರು. ಮೂರನೆಯ ಮಂಗಳವಾರ ಕಾರು ಹತ್ತಿ, "ಮನೆಗೆ ಬೇಡ, ಮೊಸೆಲ್ ನದಿ ಕಡೆ ಹೋಗಿ" ಅಂದರು. ಒಂದು ಗಂಟೆ ದ್ರಾಕ್ಷಿತೋಟಗಳ ಪಕ್ಕ ಓಡಿಸಿದೆ. ಫಿನ್‌ಲೆಂಡಿನವರ ಅಣಕ ಮಾಡಿದೆ. ನಗಲಿಲ್ಲ.

"ಹೀಟರ್ ಜಾಸ್ತಿ ಮಾಡ್ತೀರಾ, ಅದೆಲಿನು?"

ಏಪ್ರಿಲ್ ತಿಂಗಳು. ನನಗೆ ಬೆವರುತ್ತಿತ್ತು.

ಮೇ ತಿಂಗಳಲ್ಲಿ ತೀರ್ಪು ಬಂತು: ನಿಯಮ ನಿಲ್ಲುತ್ತದೆ, ಬಲೆ ಹಾಕುವಂತಿಲ್ಲ. ತೀರದವರ ಕಥೆ ತೀರ್ಪಿನಿಂದ ತೀರಿತು. ಆ ಶುಕ್ರವಾರ ಐದೂವರೆಗೇ ಫೋನು ಬಂತು, ಆದರೆ ಬೊಬ್ಬೆ ಇರಲಿಲ್ಲ.

"ಪಾದ್ರಿ ಕಂಪ್ಯೂಟರಲ್ಲಿ ತೋರಿಸಿದ್ರು," ಅಂದ ಜೆಫರಿನು. "ಮೊದಲನೇ ಪುಟ. ಆರನೇ ಹೆಸರು ನಿಂದು."

"ಹೌದು."

"ಅಪ್ಪನ ಬಲೆ ಕಣೇ ಅದು. ನಿನ್ನ ಓದಿಸಿದ್ದು ಆ ಬಲೆ."

"ಗೊತ್ತು, ಜೆಫರಿನು."

"ಮತ್ತೆ?"

ಎಲ್ಲರ ಹೆಸರೂ ಬರುತ್ತದೆ ಕಣೋ, ಒಪ್ಪದವರದೂ ಬರುತ್ತದೆ: ಅಷ್ಟು ಹೇಳಿದ್ದರೆ ಸಾಕಿತ್ತು, ಅವನು ಅದನ್ನೇ ಸುಳಿವು ಅಂದುಕೊಳ್ಳುತ್ತಿದ್ದ. ನಾನು ಕನ್ನಡಿಯಲ್ಲಿ ಅವರ ಬಾಯಿಯನ್ನೇ ನೋಡುತ್ತಿದ್ದೆ. ಅದು ತೆರೆಯಿತು, ಯೋಚಿಸಿತು, ಮುಚ್ಚಿತು.

"ಇದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ," ಅಂದರು.

"ಹಾಗಾದ್ರೆ ನಾನೂ ಮಾತಾಡೋ ಹಾಗಿಲ್ಲ," ಅಂದವನು ಫೋನಿಟ್ಟ.

ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಐದೂವರೆಯಾದರೆ ಸಾಕು, ದೊತೋರಾ ಫೋನನ್ನು ಚೀಲದಿಂದ ತೆಗೆದು ಪಕ್ಕದ ಸೀಟಿನ ಮೇಲಿಡುತ್ತಿದ್ದರು, ಯಾರೋ ಕೂತಿದ್ದಾರೆ ಅನ್ನುವ ಹಾಗೆ. "ಸುತ್ತು ದಾರೀಲಿ ಹೋಗಿ," ಅನ್ನುತ್ತಿದ್ದರು. ಇಪ್ಪತ್ತು ನಿಮಿಷದ ಮನೆಗೆ ನಾವು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆವು. ಅವರೇ ಯಾಕೆ ಮಾಡಬಾರದು ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಮೂರು ಸಲ ಮಾಡಿದೆ. ನನ್ನ ದನಿ ಕೇಳಿದ ತಕ್ಷಣ ಇಡ್ತಾನೆ."

ಆಗಸ್ಟ್ ಬಂದರೆ ಇಲ್ಲಿಯ ಪೋರ್ಚುಗೀಸರೆಲ್ಲ ಕಾರಿನ ತಲೆಯ ಮೇಲೆ ಸಾಮಾನು ಕಟ್ಟಿಕೊಂಡು ಎರಡು ಸಾವಿರ ಕಿಲೋಮೀಟರು ಊರಿಗೆ ಓಡುತ್ತೇವೆ. ನಾನೂ ಓಡಿದೆ. ಅರೇಯಾಲ್ವ ನಮ್ಮೂರಿನಿಂದ ಮುಕ್ಕಾಲು ಗಂಟೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಒಂದು ಬೆಳಿಗ್ಗೆ ಹೋದೆ. ಮರಳಿನ ಮೇಲೆ ದೋಣಿ ಮಗುಚಿಟ್ಟಿತ್ತು. ಅದರ ನೆರಳಲ್ಲಿ ಬೈಯಲು ಯಾರೂ ಇಲ್ಲದ ಒಬ್ಬ ಮುದುಕ ಕೂತಿದ್ದ.

"ತಂಡೇಲರೇ, ನಾನು ನಿಮ್ಮ ತಂಗಿಯ ಡ್ರೈವರು."

"ಅವಳು ಕಳಿಸಿದ್ಲಾ?"

"ಇಲ್ಲ. ಗೊತ್ತಾದ್ರೆ ಕೆಲಸ ಹೋಗುತ್ತೆ."

"ಹಾಗಾದ್ರೆ ಕೂತ್ಕೋ."

ಕೂತೆ. ಹದಿನೈದು ಹೆಸರಿನ ವಿಷಯ ಹೇಳಿದೆ. ಹೌದೆಂದವರೂ ಇಲ್ಲವೆಂದವರೂ ಒಂದೇ ಪುಟದಲ್ಲಿ ಎಂದೆ. ಇದು ಪುಸ್ತಕದಲ್ಲೇ ಇರುವ ಕಾನೂನು, ಗುಟ್ಟಲ್ಲ ಎಂದೆ.

"ಹಾಗಾದ್ರೆ ಅವಳು ಯಾವ ಕಡೆ?"

"ಅದು ನಂಗೊತ್ತಿಲ್ಲ, ತಂಡೇಲರೇ. ದೇವರಾಣೆ."

ಗೊತ್ತಿರಲಿಲ್ಲ, ನಿಜ. ಆದರೆ ಮೊಸೆಲ್ ನದಿಯ ವಿಷಯ ಹೇಳಿದೆ. ಹೀಟರಿನ ವಿಷಯವೂ. ನನ್ನ ನಾಲಗೆಗೆ ಬ್ರೇಕಿಲ್ಲ. ಮುದುಕ ಎದ್ದು ನೀರಿನವರೆಗೂ ಹೋಗಿ, ನಿಂತು, ವಾಪಸು ಬಂದ.

"ಒಳಗೆ ಒಬ್ಬಳೇ ಎಳೆದಿದ್ದಾಳೆ ಹಗ್ಗಾನ," ಅಂದ. ಕಣ್ಣು ಒದ್ದೆಯಾಗಿತ್ತು.

ಸೆಪ್ಟೆಂಬರಿನ ಮೊದಲ ಶುಕ್ರವಾರ ಫೋನು ಹೊಡೆದುಕೊಂಡಾಗ ದೊತೋರಾ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಕಾರಿನ ತುಂಬ ಮತ್ತೆ ಬೊಬ್ಬೆ.

"ಗ್ರಾಸಿಯೆತ್! ಕತ್ತೆ ಕಣೇ ನಾನು, ಮುದಿ ಕತ್ತೆ! ಅಷ್ಟು ಜನದ ಮಧ್ಯೆ ನಮ್ಮ ಪರ ಒಬ್ಬಳೇ ನಿಂತಿದ್ದೀಯ, ನಾನು..."

"ಯಾರು ಹೇಳಿದ್ದು?"

ನಾನು ಸ್ಟೀರಿಂಗ್ ಚಕ್ರದ ಹಿಂದೆ ಎಷ್ಟು ಸಣ್ಣಗಾಗಬಹುದೋ ಅಷ್ಟು ಸಣ್ಣಗಾದೆ.

"ನಿನ್ನ ಡ್ರೈವರು. ಎಲ್ಲರ ಹೆಸರೂ ಹಾಕ್ತಾರಂತೆ, ಒಪ್ಪದಿದ್ರೂ."

ದೊತೋರಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಅಷ್ಟು ನಿಜ," ಅಂದರು. "ಅದರ ಮೇಲೆ ಅವರು ಹೇಳಿದ್ದೆಲ್ಲ ಅವರ ಊಹೆ."

"ಆಯ್ತು, ಬಾಯಿಬಿಟ್ಟು ಹೇಳಬೇಡ. ಒಂದು ಸಲ ಕೆಮ್ಮು, ಸಾಕು. ಕೆಮ್ಮೋಕೆ ಕಾನೂನಿದ್ಯಾ?"

ಸಿಗ್ನಲ್ ಕೆಂಪಾಯಿತು. ನಿಂತೆ. ಟ್ರಾಮು ಹೋಯಿತು. ಅವರು ಉಸಿರನ್ನೂ ಬಿಡುತ್ತಿಲ್ಲವೆಂದು ನನಗೆ ಹಿಂದಿನಿಂದ ಗೊತ್ತಾಗುತ್ತಿತ್ತು.

"ಸುಮ್ಮನಿದ್ದೀಯ. ಹೌದು ಅಂತ ತಗೋತೀನಿ."

"ತಗೋಬೇಡ. ನಿಮ್ಮ ವಿರುದ್ಧ ಕೈ ಎತ್ತಿದ್ದರೂ ಹೀಗೇ ಸುಮ್ಮನಿರ್ತಿದ್ದೆ."

"ಎತ್ತಿದ್ಯಾ?"

"ಜೆಫರಿನು, ಕೇಳಬೇಡ."

"ಮತ್ತೆ ನಾನು ಏನು ಇಟ್ಕೊಳ್ಳಲಿ ಹೇಳು? ಊರವರು ನನ್ನ ಮುಖ ನೋಡಲ್ಲ. ಅವರಿಗೆ ಹೇಳೋದು ಬೇಡ, ನನಗೊಬ್ಬನಿಗೆ. ಅಣ್ಣ ನಾನು."

"ಶುಕ್ರವಾರ ಇಟ್ಕೋ," ಅಂದರು. "ಬೂತಾಯಿ ಸಿಗದಿದ್ರೂ ಫೋನು ಮಾಡು."

"ನೋಡ್ತೀನಿ," ಎಂದು ಇಟ್ಟ.

ಮನೆಯ ಮುಂದೆ ಇಳಿಯುವಾಗ ದೊತೋರಾ ನನ್ನ ಕಿಟಕಿಯ ಹತ್ತಿರ ನಿಂತರು. "ನೀವು ಅವನಿಗೆ ಹೇಳಿದ ಕಾನೂನು ಸರಿ. ನದಿ, ಹೀಟರು ಹೇಳಬಾರದಿತ್ತು."

"ನಿಮಗಾಗಿ ಹೇಳಿದೆ, ದೊತೋರಾ."

"ಅದೇ. ಈಗ ಅವನಿಗೆ ಬೇಕಾದ ತಂಗಿ ಒಬ್ಬಳು ಇದ್ದಾಳೆ. ಅವಳು ನಾನು ಹೌದೋ ಅಲ್ಲವೋ ಹೇಳೋ ಹಾಗಿಲ್ಲ."

ಕೆಲಸದಿಂದ ತೆಗೆಯಲಿಲ್ಲ. ಶುಭರಾತ್ರಿ ಎಂದು ಹೋದರು.

ಫೋನು ಮತ್ತೆ ಬರತೊಡಗಿತು, ಎರಡು ವಾರಕ್ಕೊಮ್ಮೆ, ಕೆಲವು ಸಲ ಮೂರಕ್ಕೆ. ಮಾತು ಗಾಳಿಯದು, ಮೊಣಕಾಲು ನೋವಿನದು. ಮಾತಿನ ನಡುವೆ ಜೆಫರಿನು ಇದ್ದಕ್ಕಿದ್ದಂತೆ ನಿಲ್ಲಿಸಿ, ಒಂದು ಕೆಮ್ಮು ಕೇಳೀತೇ ಎಂದು ಕಿವಿಗೊಡುತ್ತಿದ್ದ. ನನಗೂ ಗೊತ್ತಾಗುತ್ತಿತ್ತು, ಅವರಿಗೂ.

ನವೆಂಬರಿನಲ್ಲಿ ಅವರಿಗೆ ನೆಗಡಿ ಹಿಡಿಯಿತು. ಶುಕ್ರವಾರ ಐದೂವರೆಗೆ ಫೋನು ಬಂತು. ಮುದುಕ ಹೊಸ ಪಾದ್ರಿಯ ಬಗ್ಗೆ ಏನೋ ಹೇಳುತ್ತಿದ್ದ. ಕನ್ನಡಿಯಲ್ಲಿ ನೋಡಿದರೆ ದೊತೋರಾ ಕರವಸ್ತ್ರವನ್ನು ಬಾಯಿಗೆ ಒತ್ತಿದ್ದಾರೆ, ಕಣ್ಣಲ್ಲಿ ನೀರು, ಮುಖ ಕೆಂಪು. ನನ್ನ ಭುಜ ತಟ್ಟಿ ರಸ್ತೆಬದಿ ತೋರಿಸಿದರು. ನಿಲ್ಲಿಸಿದೆ. ಅವರು ಇಳಿದು, ಬಾಗಿಲು ಮುಚ್ಚಿ, ಇಪ್ಪತ್ತು ಹೆಜ್ಜೆ ನಡೆದು, ಗುಡ್ಡದ ಗಾಳಿಗೆ ಬೆನ್ನುಹಾಕಿ ನಿಂತು ಕೆಮ್ಮಿದರು. ಬಗ್ಗಿ ಬಗ್ಗಿ ಕೆಮ್ಮಿದರು. ಗಾಜಿನೊಳಗೆ ಒಂದಿಷ್ಟೂ ಕೇಳಲಿಲ್ಲ.

"ಗ್ರಾಸಿಯೆತ್? ಅಲೋ? ಎಲ್ಲಿ ಹೋದ್ಲು?"

"ಕೆಳಗಿಳಿದಿದ್ದಾರೆ, ತಂಡೇಲರೇ."

"ಯಾಕೆ?"

ಈ ಸಲ ನನ್ನ ನಾಲಗೆಗೆ ಬ್ರೇಕು ಹಾಕಿದೆ.

"ಬರ್ತಾರೆ," ಅಂದೆ. "ಇಡಬೇಡಿ."

"ಇಡಲ್ಲ," ಅಂದ ಅವನು.

ಇಬ್ಬರೂ ಕಾದೆವು.