ಹಳೆಯದು ಕೆಟ್ಟ ಮೇಲೆ

ಕಾಲುಚೀಲ ಎಷ್ಟು ಒತ್ತಿದರೂ ಸರಿಯಾಗಿ ಕೂರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಮಂಡಿಯೂರಿ, ಟಿವಿ ಸ್ಟ್ಯಾಂಡಿನ ಹಿಂದಕ್ಕೆ ಕೈ ತೂರಿಸಿ, ವಿಡಿಯೋ ಗೇಮ್ ಕನ್ಸೋಲಿನ ಬಿಸಿಗಾಳಿ ಹೊರಬರುವ ಸೀಳುಗಳಿಗೆ ಅದನ್ನು ಅದುಮಿದ. ಉಣ್ಣೆಯ ದಪ್ಪ ಕಾಲುಚೀಲ. ಒಣಹಾಕಿದ್ದ ಬಟ್ಟೆಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದು. ಆಟ ಚಾಲೂ ಮಾಡಿ, ಟಿವಿಯನ್ನು ಮಾತ್ರ ಆರಿಸಿ ಎದ್ದ.

"ಏನ್ರೀ, ಬೆಳಿಗ್ಗೆ ಬೆಳಿಗ್ಗೆ ನೆಲ ಮೂಸ್ತಾ ಇದ್ದೀರಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಧೂಳು" ಎಂದ. ಪೂರ್ತಿ ಸುಳ್ಳೇನಲ್ಲ, ಧೂಳೂ ಇತ್ತು.

ಆ ಮನೆಯಲ್ಲಿ ಒಂದೇ ಕಾನೂನು: ಹಳೆಯದು ಕೆಟ್ಟ ಮೇಲೆ ಹೊಸದು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಲ್ಲಿ ಅವಧಿ ಮುಗಿದದ್ದನ್ನೆಲ್ಲ ಬಿಸಾಡಿ ಬಿಸಾಡಿ ಸಾಕಾಗಿಯೋ ಏನೋ, ಮನೆಯಲ್ಲಿ ಯಾವುದಕ್ಕೂ ಅವಧಿ ಮುಗಿಯಲು ಬಿಡುತ್ತಿರಲಿಲ್ಲ. ಹಾಗಂತ ತಪ್ಪೆಲ್ಲ ಅವಳದೂ ಅಲ್ಲ. ಹೊಸ ತಲೆಮಾರಿನ ಕನ್ಸೋಲ್ ಅಂಗಡಿಗೆ ಬಂದಾಗ ಮೀನಮೇಷ ಎಣಿಸಿದವನು ಇವನೇ. ಮೊದಲ ಕಂತಿನ ಮಾಲಿನಲ್ಲಿ ದೋಷ ಇರುತ್ತದೆ ಎಂದ, ಎಲ್ಲರೂ ಬೋಲ್ಟು ಎಂದು ಕರೆಯುವ ಕೆಲಸದ ಜೊತೆಗಾರ. ಕಾದ. ಒಳ್ಳೆಯ ಆಟಗಳು ಇನ್ನೂ ಬಂದಿಲ್ಲ ಎಂದರು. ಕಾದ. ಬೆಲೆ ಇಳಿಯುತ್ತದೆ ಎಂದರು, ಏರಿತು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಕೇಳಿದರೆ ಹೆಂಡತಿ, "ತಗೊಳ್ಳಿ, ಬೇಡ ಅಂದ್ನಾ? ಇದು ಕೆಡ್ಲಿ ಮೊದ್ಲು" ಎಂದಿದ್ದಳು. ಹಳೆಯದೋ ಗುಂಡುಕಲ್ಲಿನ ಹಾಗಿತ್ತು, ಕೆಡುವ ಲಕ್ಷಣವೇ ಇರಲಿಲ್ಲ. ಯಂತ್ರಗಳು ಬಿಸಿಗೆ ಸಾಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಹಾಗೆ ಸಾಯದಂತೆ ನೋಡಿಕೊಳ್ಳುವುದಕ್ಕೇ ಅವನಿಗೆ ಸಂಬಳ.

ಸಂಜೆ ಬಾಗಿಲು ತೆರೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯಿತು. ಅವನಿಗೆ ಆದ ಖುಷಿ ಒಂದು ಗಳಿಗೆಯೂ ಬಾಳಲಿಲ್ಲ. ಸೋಫಾದ ಅಂಚಿನಲ್ಲಿ, ಬಂದ ನೆಂಟರ ಹಾಗೆ, ಮಾವ ಕೂತಿದ್ದರು.

ಮಾವ ಬಸ್ ಡ್ರೈವರಾಗಿ ನಿವೃತ್ತರಾದವರು. ಹೋದ ವರ್ಷ ಲಘುವಾಗಿ ಲಕ್ವ ಹೊಡೆದು ಎಡಗೈ ಬಿಗಿ ಕಳೆದುಕೊಂಡ ಮೇಲೆ ಮಗಳು ಇಲ್ಲಿಗೆ ಕರೆತಂದಿದ್ದಳು, ಕಾರಿನ ಕೀಲಿ ಮಾತ್ರ ಅವರ ಕೈಗೆ ಸಿಗದಂತೆ ಇಟ್ಟಿದ್ದಳು.

"ಅಳಿಯಂದ್ರೇ, ಕೂತ್ಕೊಳ್ಳಿ. ಒಂದು ತಪ್ಪಾಗಿದೆ" ಎಂದರು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕಣ್ಣು ಟಿವಿ ಸ್ಟ್ಯಾಂಡಿನ ಕಡೆ ಓಡಿತು. ಸಿಕ್ಕಿಬಿದ್ದೆ ಎಂದುಕೊಂಡ.

"ದಿನಾ ಮಧ್ಯಾಹ್ನ ನಾನು ಇದ್ರಲ್ಲಿ ಕಾರು ಓಡಿಸ್ತಿದ್ದೆ. ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ. ರೇಸು ಗೀಸು ಅಲ್ಲ ಮತ್ತೆ. ಆ ಸಮುದ್ರದ ಪಕ್ಕದ ರಸ್ತೆ ಇದೆಯಲ್ಲ, ಅಲ್ಲಿ ನಿಧಾನಕ್ಕೆ ಹೋಗ್ತೀನಿ. ಹಿಂದಿನಿಂದ ಬಂದೋರಿಗೆ ಸೈಡ್ ಕೊಡ್ತೀನಿ. ಯಾವಾಗ್ಲೂ ನಾನೇ ಕೊನೆ." ಮುಖ ಸ್ವಲ್ಪ ಅರಳಿತು. "ಆದ್ರೆ ಇಷ್ಟು ದಿನದಲ್ಲಿ ಒಬ್ಬರಿಗೂ ಗುದ್ದಿಲ್ಲ."

"ಅದರಲ್ಲಿ ತಪ್ಪೇನು ಮಾವ, ಆಡಿ..."

"ಇವತ್ತು ಟಿವಿ ಹಾಕಿದ್ರೆ ಆಟ ಆಗಲೇ ನಡೀತಿದೆ. ಆ ಪೆಟ್ಟಿಗೆಯ ಮೈ ಮುಟ್ಟಿದ್ರೆ ಕಾದ ಹೆಂಚು. ನಾನು ಏನು ಎತ್ತ ಅಂತ ನೋಡೋದ್ರೊಳಗೆ ಟಪ್ ಅಂತ ಆರಿಹೋಯ್ತು." ಜೇಬಿನಿಂದ ಕಾಲುಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಂದು ಮಗ್ಗುಲು ಕಂದಿತ್ತು. "ಇದು ಹಿಂದೆ ಇತ್ತು. ನಂದೇ. ನಿನ್ನೆ ನೀವು ತಡವಾಗಿ ಬಂದ್ರಿ, ಆಡ್ಲೇ ಇಲ್ಲ. ಅಂದ್ರೆ ಆರಿಸದೆ ಬಿಟ್ಟೋನು ನಾನೇ, ಇದನ್ನ ಅಲ್ಲಿ ಇಟ್ಟೋನೂ ನಾನೇ. ಯಾವಾಗ ಇಟ್ಟೆ, ಯಾಕೆ ಇಟ್ಟೆ, ಎಷ್ಟು ಯೋಚ್ನೆ ಮಾಡಿದ್ರೂ ಒಂದೂ ನೆನಪಿಗೆ ಬರ್ತಿಲ್ಲ ಅಳಿಯಂದ್ರೇ." ದನಿ ತಗ್ಗಿತು. "ನನಗೆ ಭಯ ಆಗ್ತಿದೆ."

ಆಗಲೇ ಹೇಳಬೇಕಿತ್ತು. ಎರಡೇ ಮಾತಿನ ಕೆಲಸ. ನಾಲಿಗೆ ಹೊರಳುವಷ್ಟರಲ್ಲಿ ಹೆಂಡತಿ ಬಂದಳು, ಮಾವ ಅವಳ ಮುಂದೆಯೂ ಎಲ್ಲವನ್ನೂ ಮೊದಲಿನಿಂದ ಒಪ್ಪಿಸಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಅಡ್ಡ ಬಂದು ಹೇಳಿಬಿಡುತ್ತಿದ್ದೆ ಎಂದು ಆಮೇಲೆ ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಅವಳು ಅಪ್ಪನ ಕೈ ಹಿಡಿದು ಕೂತು, ಗಂಡನ ಕಡೆ ತಿರುಗಿ, "ನೀವು ಹೊಸದು ತಗೊಂಡುಬಿಡಿ. ಅಪ್ಪನ ಮೇಲೆ ಮಾತ್ರ ಬೇಜಾರು ಮಾಡ್ಕೋಬೇಡಿ" ಎಂದಳು. ಅಷ್ಟು ದಿನ ಕಾದ ಮಾತು ಅದು. ಈಗ ಬೇಡವಾಗಿತ್ತು.

ಆದರೂ ಕೊಂಡ. ಕೊಳ್ಳದೆ ಹೋದರೆ ಅನುಮಾನ ಬರುತ್ತದೆಂದು ಕೊಂಡ. ಹೊಸದರಲ್ಲಿ ಸಮುದ್ರದ ನೀರು ಮುಟ್ಟಿದರೆ ಕೈ ಒದ್ದೆಯಾಗುತ್ತದೇನೋ ಅನ್ನುವಷ್ಟು ಸ್ಪಷ್ಟವಾಗಿತ್ತು. ಅದನ್ನು ನೋಡುತ್ತ ನಾಚಿಕೆಯಾಯಿತು.

"ಮಾವ, ಬನ್ನಿ, ನಿಮ್ಮ ರಸ್ತೆ ನೋಡಿ ಎಷ್ಟು ಚೆನ್ನಾಗಿದೆ!"

"ಬೇಡಪ್ಪ. ಇದನ್ನೂ ಸುಟ್ಟುಹಾಕಿದ್ರೆ?"

ಬಾಗಿಲಲ್ಲೇ ನಿಂತು ಹೇಳಿ ಒಳಗೆ ಹೋದರು. ಈಗವರು ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ನಲ್ಲಿ ನಿಲ್ಲಿಸಿ, ಮತ್ತೆ ಹೋಗಿ ಮುಟ್ಟಿ ನೋಡಿ, "ನಿಲ್ಸಿದ್ದೀನಲ್ಲಾ?" ಎಂದು ಮಗಳನ್ನು ಕೇಳುತ್ತಿದ್ದರು. ಮಗಳು ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಸಿದಳು. ಮೆಕ್ಯಾನಿಕ್ ಲಿಫ್ಟಿನ ಗೂಡಿನೊಳಗೆ ಒಬ್ಬನೇ ನಿಂತು, ಎಣ್ಣೆ ಬಿಡುತ್ತ, "ಅದು ನಾನು ಮಾವ" ಎಂದು ಬಾಯಿಬಿಟ್ಟು ಹೇಳಿ ನೋಡಿಕೊಂಡ. ಅಲ್ಲಿ ಸಲೀಸಾಗಿ ಬಂದ ಮಾತು ಮನೆಗೆ ಬಂದರೆ ಬಾಯಲ್ಲಿ ಬಿಸಿತುಪ್ಪ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಾವನ ಕಡೆಗೇ ಬಾಗಿ, "ಏನಾಗ್ತಿದೆ, ನೀವೇ ಹೇಳಿ" ಎಂದರು. ಮಾವ ಕಾಲುಚೀಲದ ಕಥೆ ಹೇಳತೊಡಗಿದರು. ಎಲ್ಲೂ ತಡವರಿಸಲಿಲ್ಲ, ಒಂದು ವಿವರವನ್ನೂ ಬಿಡಲಿಲ್ಲ. ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ತಮ್ಮ ಮರೆವಿಗೆ ತಾವೇ ಸಾಕ್ಷಿ ನುಡಿಯುತ್ತಿದ್ದರು. ಮೆಕ್ಯಾನಿಕ್ಕಿಗೆ ಇನ್ನು ತಡೆಯಲಾಗಲಿಲ್ಲ.

"ಅದು ನಾನು" ಎಂದ. "ಕಾಲುಚೀಲ ತುರುಕಿದ್ದು ನಾನು, ಆಟ ಹಾಕಿ ಬಿಟ್ಟಿದ್ದೂ ನಾನೇ. ಹೊಸದು ಬೇಕಿತ್ತು. ಇದು ಕೆಡಲಿ ಅಂತ ಮಾಡಿದೆ. ಮಾವನಿಗೆ ಏನೂ ಆಗಿಲ್ಲ ಡಾಕ್ಟ್ರೇ."

ಮಾವ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು.

"ನೋಡಿದ್ರಾ ಡಾಕ್ಟ್ರೇ, ನನ್ನ ಅಳಿಯಂದ್ರನ್ನ? ನನ್ನ ಮರ್ಯಾದೆ ಉಳಿಸೋಕೆ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಲಿಫ್ಟ್ ರಿಪೇರಿ ಮಾಡೋರು ಇವರು. ಇವರ ಕೈಯಲ್ಲಿ ಯಂತ್ರ ಕೆಡಿಸೋಕೆ ಆಗುತ್ತಾ?"

"ಇಲ್ಲ ಮಾವ, ನಿಜವಾಗ್ಲೂ..."

"ಸಾಕು, ಬಿಡಿ" ಎಂದಳು ಹೆಂಡತಿ ಮೆಲ್ಲಗೆ. ಅವಳ ಕಣ್ಣು ತುಂಬಿತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ. ಮೇಜಿನ ಕೆಳಗೆ ಅವನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು.

ಡಾಕ್ಟರು ಮರೆವಿನ ಪರೀಕ್ಷೆಗೆಂದು ಒಂದು ಬಿಳಿ ಹಾಳೆಯನ್ನೂ ಪೆನ್ಸಿಲ್ಲನ್ನೂ ಮಾವನ ಮುಂದೆ ಸರಿಸಿ, "ಒಂದು ಗಡಿಯಾರ ಬರೀರಿ, ಅಂಕಿ ಎಲ್ಲಾ ಹಾಕಿ" ಎಂದರು.

ಮಾವ ಕನ್ನಡಕ ಸರಿಮಾಡಿಕೊಂಡರು. ಬಿಗಿಯಿಲ್ಲದ ಎಡಗೈಯನ್ನು ಹಾಳೆಯ ಮೇಲೆ ಊರಿ ವೃತ್ತ ಎಳೆದರು, ಮೇಲೆ ಹನ್ನೆರಡು ಬರೆದರು. ಮುಂದಿನ ಅಂಕಿಗೆ ಹೋಗುವ ಮೊದಲು ಪೆನ್ಸಿಲ್ ಎತ್ತಿ, ಇದು ಸರಿಯಿದೆಯೇ ಎಂದು ಅಳಿಯನ ಮುಖ ನೋಡಿದರು.