ಶಾಂಭವಿ ಹೋಟೆಲಿನ ಸುಧಾಕರಣ್ಣ ಮೈಕ್ ಕಿತ್ತುಕೊಂಡದ್ದು

೧
ಎಲ್ಲಿಂದ ಶುರುಮಾಡಲಿ? ಮುಲ್ಕಿಯಿಂದ ಬಂದ ಸುಧಾಕರಣ್ಣ ದೆಹಲಿಯ ಪೀತಮ್‌ಪುರದಲ್ಲಿ ಶಾಂಭವಿ ಹೋಟೆಲ್ ತೆರೆದ ದಿನದಿಂದಲೇ? ಹಾಗೇ ಬರೆದೆ, ಹರಿದು ಹಾಕಿದೆ. ಪುಟದ ತುಂಬ ಸಾಂಬಾರಿನ ಘಮ. ಬರೆಯುವವನಿಗೇ ಹಸಿವಾದರೆ ಕಥೆ ಹೇಗೆ ಮುಂದೆ ಹೋಗಬೇಕು?

೨
ಸರಿ, ಇತಿಹಾಸವನ್ನು ಒಂದೇ ಉಸಿರಿಗೆ ಮುಗಿಸುತ್ತೇನೆ. ಕೆಳಗೆ ದೋಸೆ, ಮೇಲೆ ಲಾಡ್ಜು. ಊರಿನಿಂದ ಇಂಟರ್‌ವ್ಯೂಗೋ ಆಸ್ಪತ್ರೆಗೋ ಬಂದವರೆಲ್ಲ ಅಲ್ಲೇ ಇಳಿಯುತ್ತಿದ್ದರು. ಆಮೇಲೆ ಫೋನಿನಲ್ಲೇ ಎಲ್ಲೆಂದರಲ್ಲಿ ರೂಮು ಸಿಗತೊಡಗಿತು, ಮಂಚಗಳು ಖಾಲಿ ಬಿದ್ದವು. ಮಗಳು ನಿಶ್ಮಿತಾ ಮೇಲಿನ ಗೋಡೆಗಳನ್ನು ಒಡೆಸಿ ವೇದಿಕೆ, ಬಾರು, ಚಿತ್ರಗಳ ಗ್ಯಾಲರಿ ಮಾಡಿಸಿದಳು. ಸುಧಾಕರಣ್ಣ ಅವಳೊಡನೆ ಮಾತು ಬಿಟ್ಟರು. ಹೇಳುವುದೆಲ್ಲ ಹೆಂಡತಿ ವಾಸಂತಿಯವರ ಮೂಲಕ. (ಮೂವರೂ ಒಂದೇ ಮೇಜಿಗೆ ಕೂತಿರುವಾಗಲೂ.)

೩
ಹೊಸ ಶಾಂಭವಿಯ ಉದ್ಘಾಟನೆಯ ಸಂಜೆ. (ಇಲ್ಲಿ ವಾಸಂತಿಯಕ್ಕ ಕಣ್ಣೀರಿಟ್ಟರು ಎಂದು ಬರೆದಿದ್ದೆ. ಓದಿ ಹೇಳಿದಾಗ ತಕರಾರು ಬಂತು: "ನಾನೆಲ್ಲಿ ಅತ್ತೆ ಮಾರಾಯ್ರೆ? ನನಗೆ ಸೀರೆಯ ನೆರಿಗೆಯದ್ದೇ ಚಿಂತೆ." ಕಣ್ಣೀರು ಅಳಿಸಿದೆ.) ಡಿಜೆ ತನ್ನ ಯಂತ್ರವನ್ನು ಸುಧಾಕರಣ್ಣನ ಮೊದಲ ದೋಸೆಕಲ್ಲಿನ ಮೇಲೆ ಜೋಡಿಸಿದ್ದ, ಲುಕ್ ಚೆನ್ನಾಗಿರುತ್ತದೆಂದು. ಅದನ್ನು ಕಂಡದ್ದೇ ತಡ, ಸುಧಾಕರಣ್ಣ ವೇದಿಕೆ ಹತ್ತಿ, ಜನರನ್ನು ನಗಿಸಲು ಕರೆಸಿದ್ದ, ಜೋಕು ಹೇಳುತ್ತಿದ್ದ ಚಂದನ್ ಎಂಬ ಹುಡುಗನ ಕೈಯಿಂದ ಮೈಕ್ ಕಿತ್ತುಕೊಂಡರು.

"ಭಯ್ಯಾ, ಇಸ್ ಕಲ್ಲು ಪೇ ದೋಸಾ ಹಾಕ್ತೇ ಹೈಂ. ಗಾನಾ ನಹೀಂ."

ಸಭೆ ಬಿದ್ದು ಬಿದ್ದು ನಕ್ಕಿತು. ಇದೂ ಕಾರ್ಯಕ್ರಮವೇ ಎಂದುಕೊಂಡಿತ್ತು.

೪
ಅವರಿಗೆ ಪಿತ್ತ ನೆತ್ತಿಗೇರಿತು. ಚಾಣಕ್ಯಪುರಿಯ ಸಾಹೇಬರೊಬ್ಬರು ಇಡ್ಲಿ ಗರಿಗರಿಯಾಗಿಲ್ಲವೆಂದು ತಟ್ಟೆ ವಾಪಸ್ ಕಳಿಸಿದ್ದು, ಗೋಡೆ ಒಡೆಯುವಾಗ ತಮ್ಮನ್ನು ಒಂದು ಮಾತು ಕೇಳದೇ ಇದ್ದದ್ದು, ಎಲ್ಲವನ್ನೂ ಹಿಂದಿ ಕನ್ನಡ ಕಲಸಿ ಬೈದರು. ಬೈದಷ್ಟೂ ಚಪ್ಪಾಳೆ. (ನಾನೂ ತಟ್ಟಿದೆ. ಲೇಖಕನೆಂಬ ಗಾಂಭೀರ್ಯ ಅಲ್ಲಿಗೆ ಮುಗಿಯಿತು.)

ಇನ್ನೇನು ಮೈಕ್ ಎಸೆದು ಇಳಿಯಬೇಕು, ಹಿಂದಿನ ಸಾಲಿನಲ್ಲಿ ನಿಶ್ಮಿತಾ ಹೊಟ್ಟೆ ಹಿಡಿದು ನಗುತ್ತಿರುವುದು ಕಣ್ಣಿಗೆ ಬಿತ್ತು. ಮಗಳು ಹೀಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಸುಧಾಕರಣ್ಣ ಗಂಟಲು ಸರಿಮಾಡಿಕೊಂಡರು. ಇಡ್ಲಿಯ ಪ್ರಸಂಗವನ್ನು ಮತ್ತೆ ಶುರುಮಾಡಿದರು, ಈ ಸಲ ನಿಧಾನವಾಗಿ, ಸಾಹೇಬರ ದನಿಯಲ್ಲೇ. ನಗು ಇಳಿದ ಮೇಲೆ ಮೈಕಿನಲ್ಲೇ ಕೇಳಿದರು:

"ನಿಶ್ಮಿ, ಇವರಿಗೆಲ್ಲ ತಿನ್ನಲಿಕ್ಕೆ ಏನಾದ್ರೂ ಕೊಟ್ಟಿದ್ದೀಯಾ?"

"ನಹೀಂ ಪಪ್ಪಾ," ಅಂದಳು ಅವಳು. "ನೀವೇ ಹೇಳಿ, ಏನು ಕೊಡೋದು?"

೫
ಅಂತ್ಯ ಒಂದು: ಅಪ್ಪ ಮಗಳು ಅಪ್ಪಿಕೊಂಡರು. (ನಿಶ್ಮಿತಾ ಹೊಡೆದು ಹಾಕಿದಳು. "ಅಂಕಲ್, ಇಟ್ಸ್ ಟೂ ಫಿಲ್ಮಿ.") ಅಂತ್ಯ ಎರಡು: ಸುಧಾಕರಣ್ಣ ದೆಹಲಿಯ ದೊಡ್ಡ ಹಾಸ್ಯಗಾರರಾದರು. (ಅವರೇ ಬೇಡವೆಂದರು. ಬೆಳಿಗ್ಗೆ ಬೇಗ ಏಳಬೇಕಂತೆ.)

ನಡೆದದ್ದು ಇಷ್ಟು. ಮಾರನೆಯ ಬೆಳಿಗ್ಗೆ ನಾನು ಕಾಫಿಗೆ ಹೋದಾಗ ಅಪ್ಪ ಮಗಳು ಬಾರಿನ ವಿಷಯಕ್ಕೆ ಜಗಳವಾಡುತ್ತಿದ್ದರು, ಎದುರಾಬದುರಾ, ಇಡೀ ಗಲ್ಲಿಗೆ ಕೇಳುವಂತೆ. ವಾಸಂತಿಯಕ್ಕ ಇಬ್ಬರ ನಡುವೆ ಕೂತು, ಯಾರ ಮಾತನ್ನೂ ಯಾರಿಗೂ ದಾಟಿಸದೆ, ಬಿಸಿಬಿಸಿ ಬನ್ಸ್ ತಿನ್ನುತ್ತಿದ್ದರು.

ಯಾರು ಗೆದ್ದರು ಅಂತೀರಾ? ನಾನು ಎದ್ದು ಬರುವಾಗ ಸುಧಾಕರಣ್ಣ ಹೇಳುತ್ತಿದ್ದರು, "ಇಲ್ಲಿ ಕೇಳು ನಿಶ್ಮಿ, ನಾನು ಹೇಳುವುದು ಏನಂದ್ರೆ..."