ಭಾರ ಹಾಕಬೇಡಮ್ಮ

ನನ್ನ ಅಣ್ಣನ ಕೆಲಸವೇ ಮುರಿಯುವುದು. ಸೊಂಟದ ಮೂಳೆಗೆ ಹಾಕುವ ರಾಡು, ಸ್ಕ್ರೂಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವನು ಪರೀಕ್ಷಕ. ಪ್ಲಾಸ್ಟಿಕ್ ಮೂಳೆಯನ್ನು ಗರಗಸದಲ್ಲಿ ಕೊಯ್ದು, ರಾಡು ಹಾಕಿ ಜೋಡಿಸಿ, ಯಂತ್ರದ ಕೆಳಗಿಟ್ಟು ಒತ್ತುತ್ತಾನೆ. ಅದು ಮುರಿದ ಮೇಲೆ ಇನ್ನೊಂದನ್ನು ಇಡುತ್ತಾನೆ. ಊಟಕ್ಕೆ ಕೂತಾಗಲೂ ಅದೇ ಮಾತು. ಇಂಥವನಿಗೆ ಹೆಣ್ಣು ಕೊಡುವವರ್ಯಾರು ಎಂದು ಅಮ್ಮ ನಗುತ್ತಿದ್ದಳು.

ಆ ಅಮ್ಮನೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ನಾಳೆಯಿಂದಲೇ ವಾಕರ್ ಕೊಟ್ಟು ನಿಲ್ಲಿಸಿ. ಕಾಲಿನ ಮೇಲೆ ಭಾರ ಬೀಳ್ಲಿ. ಮಲಗಿಸಿಬಿಟ್ರೆ ಎದೇಲಿ ಕಫ ಕಟ್ಟುತ್ತೆ, ಕಷ್ಟ."

ಅಣ್ಣ ಅಲ್ಲಿ ತಲೆಯಾಡಿಸಿದ. ಮನೆಗೆ ಬಂದು ವಾಕರನ್ನು ಬಾಗಿಲ ಹಿಂದೆ ಇಟ್ಟ. "ಮೂಳೆ ಕೂಡೋವರೆಗೂ ಭಾರ ಹಾಕಬೇಡಮ್ಮ. ವಯಸ್ಸಾದ ಮೂಳೆ, ಸ್ಕ್ರೂ ಕಿತ್ಕೊಂಡು ಬರುತ್ತೆ. ಕಾರ್ಖಾನೇಲಿ ನಾನು ದಿನಾ ನೋಡ್ತೀನಲ್ಲ."

"ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೊಲಿಗೆ ಬಿಚ್ಚಿಸಲು ಹೋದಾಗಲೂ, ಅಮ್ಮ ನಡೆಯುತ್ತಿದ್ದಾಳೆ ಎಂದು ಡಾಕ್ಟರಿಗೆ ಸುಳ್ಳು ಹೇಳಿದ. ನಾನು ಜಗಳವಾಡಿ ಮಾತು ಬಿಟ್ಟೆ. ಅಮ್ಮನೇ ನನ್ನನ್ನು ಸುಮ್ಮನಿರಿಸಿದಳು.

"ಇರಲಿ ಬಿಡೇ, ಪಾಪ, ಹೆದರಿದಾನೆ. ಸ್ವಲ್ಪ ದಿನ ಮಲಗಿದ್ರೆ ನನ್ನ ಗಂಟೇನು ಹೋಗುತ್ತೆ?"

ಅಮ್ಮ ದರ್ಜಿ. ಜೀವಮಾನವೆಲ್ಲ ಮೇಜಿನ ಮುಂದೆ ನಿಂತೇ ಬಟ್ಟೆ ಕತ್ತರಿಸಿದವಳು ಮಲಗಿಬಿಟ್ಟಳು. ಅಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಅವನೇ ಮೈ ಒರೆಸಿದ, ಅವನೇ ಬೆಡ್‌ಪ್ಯಾನ್ ಇಟ್ಟ. ನನಗೆಷ್ಟೇ ಸಿಟ್ಟಿದ್ದರೂ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವನು ಕೆಲಸಕ್ಕೆ ಹೋದ ಮೇಲೆ ಅಮ್ಮ ಅಳತೆಯ ಟೇಪನ್ನು ತೊಡೆಗೆ ಸುತ್ತಿ ನೋಡುತ್ತಿದ್ದಳು. "ಇಳೀತಾ ಇದೆ ಕಣೇ. ಒಂದು ಹೊಲಿಗೆ ಒಳಗೆ ಹಿಡೀಬೇಕು" ಎಂದು ನಗುತ್ತಿದ್ದಳು. ಬರಬರುತ್ತಾ ನಗುವುದನ್ನು ಬಿಟ್ಟಳು. ಕೆಮ್ಮು ಶುರುವಾಯಿತು.

ಮೂರು ತಿಂಗಳಾದ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆ ಚೆನ್ನಾಗಿ ಕೂಡಿತ್ತು, ಸ್ಕ್ರೂ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅಣ್ಣನ ಮುಖ ಅರಳಿತು. ಅಲ್ಲೇ ಇಬ್ಬರೂ ಅಮ್ಮನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆವು. ಪಾದ ನೆಲ ಮುಟ್ಟಿತು.

"ನೆಲ ಎಷ್ಟು ತಣ್ಣಗಿದೆ" ಎಂದಳು.

ಅಷ್ಟರಲ್ಲೇ ಮೊಣಕಾಲುಗಳು ಮಡಚಿಕೊಂಡವು. ಮತ್ತೆ ಎಬ್ಬಿಸಿದೆವು, ಮತ್ತೆ ಕುಸಿದಳು. ಕಾಲುಗಳಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಕೆಮ್ಮು ನ್ಯುಮೋನಿಯಾಗೆ ತಿರುಗಿ ಅಮ್ಮ ಹೋಗಿಬಿಟ್ಟಳು.

ಎಲ್ಲ ಮುಗಿಸಿ ಬಂದ ಸಂಜೆ ಅಣ್ಣ ಬಾಗಿಲ ಹಿಂದಿನ ವಾಕರನ್ನು ಹೊರಗೆಳೆದ. ಅದರ ಕಾಲಿನ ರಬ್ಬರು ಒಂದಿಷ್ಟೂ ಸವೆದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ವಾಕರ್ ಅಲುಗಲಿಲ್ಲ.

"ಕಾರ್ಖಾನೇಲಿ ಮುರಿಯೋವರೆಗೂ ಒತ್ತುತ್ತೀವಿ ಕಣೇ" ಎಂದ. "ತಡ್ಕೊಂಡು ನಿಂತಿದ್ದನ್ನ ನಾನು ಒಂದ್ಸಲಾನೂ ನೋಡಿಲ್ಲ."

ಬೈಯಬೇಕೆಂದು ಮಾತು ಕೂಡಿಟ್ಟುಕೊಂಡಿದ್ದ ನಾನು, ಹೋಗಿ ವಾಕರಿನ ಇನ್ನೊಂದು ಬದಿ ಹಿಡಿದೆ.